ನಿಲ್ಲದ ಗುಳ್ಳೆಗಳು

ಕಳೆದ ವಾರ ಶ್ರೀರಂಗಪಟ್ಟಣದಲ್ಲಿ, ಸೇತುವೆ ದಾಟಿದ ಕೂಡಲೇ, ಒಂದು ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ರಸ್ತೆಗೆಲ್ಲ ಹಸಿರು ನೀರು ಚೆಲ್ಲಿತ್ತು. ನಾನಿದ್ದ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಬೆಲ್ಲದ ಪಾಕ ತುಸು ಸೀದರೆ ಬರುತ್ತದಲ್ಲ, ಅಂಥದ್ದು. ರೇಡಿಯೇಟರಿನ ಕೂಲೆಂಟು ಕುದ್ದು ಹೊರಗೆ ಬಂದಾಗ ಹೀಗೇ ಸಿಹಿಯಾಗಿ ಮೂಗಿಗೆ ಬಡಿಯುತ್ತದೆ. ಪಕ್ಕದ ಸೀಟಿನ ಹೆಂಗಸು ಸೆರಗು ಅಡ್ಡ ಹಿಡಿದರು. ನನಗೆ ಮಾತ್ರ, ಯಾರ ಮನೆಗೆ ಹೊರಟಿದ್ದೆನೋ ಅವರೇ ಕಣ್ಣ ಮುಂದೆ ಬಂದು ನಿಂತರು...

ಅವರನ್ನು ಎಲ್ಲರೂ ಆಚಾರ್ರು ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಮುತ್ತಾತನ ಕಾಲದಿಂದ ಕುಲುಮೆಯ ಮನೆ. ನೇಗಿಲಿನ ಗುಳ, ಕುಡುಗೋಲು, ಮಚ್ಚು ಮಾಡಿಕೊಂಡಿದ್ದವರು. ಊರಿಗೆ ಟ್ರಾಕ್ಟರು ಬಂದ ಮೇಲೆ ಅವರಪ್ಪ ಎಂಜಿನ್ ಕೆಲಸಕ್ಕೆ ಕೈ ಹಾಕಿದರಂತೆ, ಇವರು ಅದನ್ನೇ ಮುಂದುವರಿಸಿದರು. ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು. ನಾಗಮಂಗಲ, ಹೊಣಕೆರೆ, ಕೆ.ಆರ್. ಪೇಟೆ ಕಡೆಯಿಂದೆಲ್ಲ, ಬೇರೆಯವರು ಕೈಚೆಲ್ಲಿದ ಎಂಜಿನ್ನುಗಳು ಅಲ್ಲಿಗೆ ಬರುತ್ತಿದ್ದವು. ಮನುಷ್ಯ ಮುಂಗೋಪಿ. ಗಾಡಿ ತಂದವನು ಬಾಯಿ ತೆಗೆಯುವ ಮೊದಲೇ "ನೀ ಸುಮ್ಕಿರ್ಲಾ, ಅದು ಯೇಳ್ತದೆ" ಅನ್ನುತ್ತಿದ್ದರು. ನಿಜಕ್ಕೂ ಅದು ಅವರಿಗೆ ಹೇಳುತ್ತಿತ್ತು.

ನಾನು ತಂದದ್ದು ಒಂದು ಎಟಿವಿ. ನಾಲ್ಕು ದಪ್ಪ ಚಕ್ರದ ಬೈಕು ಅಂದುಕೊಳ್ಳಿ. ಹಿನ್ನೀರಿನ ಪಕ್ಕ ಪ್ರವಾಸಿಗರನ್ನು ಸುತ್ತಾಡಿಸುವ ಮೈದಾನವೊಂದು ಮುಚ್ಚಿದಾಗ ಅಲ್ಲಿಂದ ತಂದಿದ್ದೆ. ಹಳೆಯ ಟೂ ಸ್ಟ್ರೋಕ್ ಎಂಜಿನ್ನು, ಅದನ್ನು ತಂಪಾಗಿಡಲು ರೇಡಿಯೇಟರು. ನಾಲೆಯ ಏರಿ ಮೇಲೆ ಹಸುಗಳಿಗೆ ಹುಲ್ಲು ಹೇರಿಕೊಂಡು ಬರಬಹುದು ಅಂತ ನನ್ನ ಎಣಿಕೆ. "ಈ ವಯಸ್ಸಲ್ಲಿ ಆಟದ ಸಾಮಾನು ತಂದವ್ರೆ" ಅಂತ ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ನಕ್ಕಳು. ನಾಲ್ಕೇ ದಿನಕ್ಕೆ ಅದು ಕುದಿಯತೊಡಗಿತು.

ಆಚಾರ್ರು ಅದರ ಮುಂದಿನ ಚಕ್ರಗಳನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿದರು. ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರಬೇಕು, ಆಗ ಒಳಗಿನ ಗಾಳಿ ಅಲ್ಲಿಗೇ ಬರುತ್ತದೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಕೂಲೆಂಟು ಬೆರೆಸಿದ ನೀರು ತುಂಬಿ, ಎಂಜಿನ್ ಚಾಲೂ ಮಾಡಿ, ಕುಕ್ಕರಗಾಲಲ್ಲಿ ಕೂತು ಬಾವಿ ಇಣುಕುವವರ ಹಾಗೆ ನೋಡಿದರು. ನನ್ನನ್ನೂ ಎಳೆದು ಕೂರಿಸಿಕೊಂಡರು.

"ನೋಡ್ಲಾ. ದಪ್ಪ ಗುಳ್ಳೆ ಬುಡುಕ್ ಬುಡುಕ್ ಅಂತ ಬಂದು ನಿಂತೋದ್ರೆ, ನೀರು ತುಂಬೋವಾಗ ಸಿಕ್ಕಾಕಂಡಿದ್ದ ಗಾಳಿ. ಅದು ಓಯ್ತದೆ ಬುಡು. ರಾಗಿಕಾಳಂಗೆ ಸಣ್ಣಗೆ ಬರ್ತಾನೇ ಇದ್ರೆ, ಆಕ್ಸಿಲೇಟ್ರು ಕೊಟ್ಟಂಗೂ ಜಾಸ್ತಿ ಆದ್ರೆ, ಅದು ಗಾಳಿ ಅಲ್ಲ. ಒಳಗಿನ ಬೆಂಕಿ ನೀರಿಗೆ ನುಗ್ತಾ ಅದೆ."

ರಾಗಿಕಾಳಿನ ಹಾಗೇ ಬರುತ್ತಿದ್ದವು. ಅವರು ಬೆರಳದ್ದಿ ಮೂಸಿ ನನ್ನ ಮೂಗಿಗೂ ಹಿಡಿದರು. ಸಿಹಿ ವಾಸನೆಯ ಅಡಿಯಲ್ಲಿ ಸುಟ್ಟ ಪೆಟ್ರೋಲಿನ ಘಾಟು ಇತ್ತು. ಎಂಜಿನ್ನಿನ ತಲೆಯ ಮೇಲಿರುವ ಹೆಡ್ಡು ಬಿಸಿಗೆ ಸೊಟ್ಟಗಾಗಿದೆ, ಸಂದಿನಿಂದ ಹೊಗೆ ನೀರಿಗೆ ಸೇರುತ್ತಿದೆ ಅಂದರು. ಆಮೇಲೆ, ಬೈಯುವ ದನಿಯಲ್ಲಲ್ಲ, ಮೆಲ್ಲಗೆ ಹೇಳಿದರು: "ಇದ್ನ ಇಂಗೇ ಓಡುಸ್ಬೇಡ. ನೀರೆಲ್ಲ ಆಚೆ ತಳ್ಬುಡ್ತದೆ, ಪಿಸ್ಟನ್ನು ಹಿಡ್ಕತದೆ. ಅದು ಹಿಡ್ಕಂಡ್ರೆ ಹಿಂದ್ಲ ಚಕ್ರ ಎರಡೂ ಗಕ್ಕಂತ ನಿಂತೋಯ್ತವೆ. ಏರಿ ಮೇಲೆ ನಿಂತ್ರೆ ನೀನೆಲ್ಲಿರ್ತೀಯ?" ಶೆಡ್ಡಿನ ಹಿಂದೆಯೇ ನಾಲೆ. ತುಂಬಿ, ಸದ್ದಿಲ್ಲದೆ ಹರಿಯುತ್ತಿತ್ತು.

ಹೆಡ್ಡನ್ನು ಮಟ್ಟಸ ಮಾಡಲು ಅವರಲ್ಲಿ ಒಂದು ಕಲ್ಲಿತ್ತು. ಮುತ್ತಾತ ತಂದು ಕೂರಿಸಿದ ಕರಿಕಲ್ಲಿನ ಚಪ್ಪಡಿ. ಯಾರೂ ಅದಕ್ಕೆ ಕಾಲು ತಾಕಿಸುವಂತಿರಲಿಲ್ಲ. ದಿನಾ ಬೆಳಗ್ಗೆ ತೊಳೆದು, ವಿಭೂತಿ ಹಚ್ಚಿ, ಕಣ್ಣಿಗೆ ಒತ್ತಿಕೊಂಡೇ ಕೆಲಸ. ಅದರ ಮೇಲೆ ಎಮರಿ ಪುಡಿ, ಎಣ್ಣೆ ಹಾಕಿ ಹೆಡ್ಡನ್ನು ಗುಂಡಗೆ ಉಜ್ಜುತ್ತಿದ್ದರು. ಆ ಕೈಯ ಓಟ ನೋಡುತ್ತಾ ಕೂತರೆ ಊಟ ಮರೆತುಹೋಗುತ್ತಿತ್ತು. ಕೊನೆಗೆ ಕಲ್ಲಿಗೆ ಮಸಿ ಸವರಿ ಹೆಡ್ಡನ್ನು ಒತ್ತುವರು. ಎಲ್ಲ ಕಡೆಯೂ ಮಸಿ ಹತ್ತಿತೋ, ಮಟ್ಟಸವಾಯಿತು ಅಂತ ಲೆಕ್ಕ. ಅವತ್ತು ಎಲ್ಲ ಕಡೆ ಹತ್ತಿತ್ತು. ಜೋಡಿಸಿ ನೋಡಿದರೆ ಮತ್ತೆ ರಾಗಿಕಾಳು.

ಎರಡನೇ ಸಲ ಮತ್ತೆ ಉಜ್ಜಿ, ಹೆಡ್ಡಿನ ಅಡಿಯ ಸಂದು ಮುಚ್ಚುವ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿದರು. ಆಗಲೂ ಗುಳ್ಳೆ ನಿಲ್ಲಲಿಲ್ಲ. ಆಚಾರ್ರು ಬೇರೆ ಕೆಲಸಕ್ಕೆ ಬಂದವರನ್ನು ವಾಪಸು ಕಳಿಸಿದರು. ಅಷ್ಟು ವರ್ಷದಲ್ಲಿ ಅವರ ಕೈಗೆ ಸಿಕ್ಕಿ ಸರಿಹೋಗದ ಎಂಜಿನ್ನೇ ಇರಲಿಲ್ಲ. ಇದು ನನ್ನ ಗಾಡಿಯ ವಿಷಯವಾಗಿ ಉಳಿದಿಲ್ಲ ಅಂತ ನನಗೆ ಅರ್ಥವಾಯಿತು, ಒಳಗೊಳಗೇ ಹೆದರಿಕೆಯೂ ಆಯಿತು.

ನಡುವೆ ಅಮಾವಾಸ್ಯೆ ಬಂತು. ಅವತ್ತು ಆ ಮನೆಯವರು ಕಬ್ಬಿಣ ಮುಟ್ಟುವುದಿಲ್ಲ. ನಾನು ಅದು ನೆನಪಿಲ್ಲದೆ ಹೋಗಿದ್ದೆ. ಶೆಡ್ಡು ತೆರೆದಿತ್ತು, ಆಚಾರ್ರು ಮೇಲುಕೋಟೆ ಬೆಟ್ಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಉಕ್ಕಿನ ಅಳತೆಪಟ್ಟಿ ಬಿದ್ದಿತ್ತು. ಯಾಕೆ ಕೈಗೆತ್ತಿಕೊಂಡೆನೋ, ಅದರ ಅಂಚು ಕಲ್ಲಿಗೆ ತಾಕುವಂತೆ ನಿಲ್ಲಿಸಿ ಬಗ್ಗಿ ನೋಡಿದೆ. ಎರಡೂ ತುದಿ ಕಲ್ಲಿಗೆ ಕೂತಿದ್ದವು. ನಡುವೆ ಕೂದಲೆಳೆಯಷ್ಟು ಬೆಳಕು.

ಅಡ್ಡ ಇಟ್ಟೆ, ಉದ್ದ ಇಟ್ಟೆ. ಬೆಳಕು ಹೋಗಲಿಲ್ಲ. ನಾಲ್ಕು ತಲೆಮಾರು ಕುಡುಗೋಲು ಮಚ್ಚು ಮಸೆದು, ಹೆಡ್ಡು ಉಜ್ಜಿ ಉಜ್ಜಿ ಕಲ್ಲು ನಡುವೆ ತಗ್ಗಾಗಿತ್ತು. ತಗ್ಗು ಕಲ್ಲಿನ ಮೇಲೆ ಉಜ್ಜಿದ ಹೆಡ್ಡು ಆ ತಗ್ಗಿಗೇ ಹೊಂದಿಕೊಂಡು ನಡುವೆ ಉಬ್ಬುತ್ತದೆ, ಮಸಿ ಎಲ್ಲ ಕಡೆ ಹತ್ತದೆ ಇನ್ನೇನು? ಟ್ರಾಕ್ಟರಿನ ದಪ್ಪ ಗ್ಯಾಸ್ಕೆಟ್ಟು ಆ ಕೂದಲೆಳೆಯನ್ನು ಮುಚ್ಚಿಕೊಂಡಿರಬೇಕು. ಇದರ ತೆಳು ಗ್ಯಾಸ್ಕೆಟ್ಟು ಮುಚ್ಚಲಿಲ್ಲ.

ಪಟ್ಟಿಯನ್ನು ಇದ್ದ ಜಾಗದಲ್ಲೇ ಇಟ್ಟು ಮನೆಗೆ ಬಂದೆ. ಪೂಜೆ ಮಾಡುವ ಕಲ್ಲು. ಮಾರನೇ ದಿನ ಹೋಗಿ ನಿಮ್ಮ ಮುತ್ತಾತನ ಕಲ್ಲೇ ಸೊಟ್ಟ ಅಂತ ಯಾವ ಬಾಯಲ್ಲಿ ಹೇಳಲಿ? ಅವರೇ ಕಂಡುಕೊಳ್ಳಲಿ, ನಾಳೆ ಹೇಳಿದರಾಯಿತು, ಗಾಡಿಯನ್ನೇ ವಾಪಸು ತಂದುಬಿಟ್ಟರಾಯಿತು... ಹೀಗೆ ನನಗೆ ನಾನೇ ಸಬೂಬು ಹೇಳಿಕೊಂಡೆ. ಇದು ಗೌರವ ಅಂತ ಆಗ ಅಂದುಕೊಂಡಿದ್ದೆ. ಶುದ್ಧ ಪುಕ್ಕಲುತನ.

ಮೂರನೇ ಸಲ ಅವರು ಎರಡು ದಿನ ಉಜ್ಜಿದರು. ಜೋಡಿಸಿ ಚಾಲೂ ಮಾಡಿದಾಗ ಬೆಳಗ್ಗೆ ಹತ್ತು ಗಂಟೆಯಿರಬೇಕು. ಇಬ್ಬರೂ ಬಗ್ಗಿ ನೋಡಿದೆವು. ಗುಳ್ಳೆ ಕಡಿಮೆಯಾಗಿದ್ದವು, ನಿಂತಿರಲಿಲ್ಲ. ಸಣ್ಣಗೆ, ಒಂದೇ ಸಮ ಬರುತ್ತಿದ್ದವು. ಅವರು ಬಹಳ ಹೊತ್ತು ನೋಡಿದರು. ಈ ಸಲ ಬೆರಳದ್ದಿ ಮೂಸಲಿಲ್ಲ.

"ಇದು ಗಾಳಿ ಕಣ್ಲಾ," ಅಂದರು. "ಒಳಗೆ ಸಿಕ್ಕಾಕಂಡದೆ. ನಾಕು ಸುತ್ತು ಓಡುಸುದ್ರೆ ಓಯ್ತದೆ."

ಅವರು ಕಲಿಸಿದ ಪಾಠ ನನಗೆ ನೆನಪಿತ್ತು. ಕಲ್ಲಿನ ಸಂಗತಿಯೂ ಗೊತ್ತಿತ್ತು. "ನಾನು ಓಡುಸ್ತೀನಿ ಆಚಾರ್ರೇ" ಅಂದೆ, ನಿಧಾನಕ್ಕೆ ಹತ್ತು ಮಾರು ಹೋಗಿ ಬರುವ ಉಪಾಯ ಮಾಡಿ. "ನನ್ ಕೆಲ್ಸನ ನಾನೇ ನೋಡ್ಬೇಕು, ಸರೀಲಾ" ಅಂತ ನನ್ನ ಭುಜ ತಳ್ಳಿ ಹತ್ತಿ ಕೂತರು. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. "ಜ್ವಾಪಾನ" ಅಂದೆ, ಅಷ್ಟೇ.

ಏರಿಯ ಮೇಲೆ ಒಂದು ಸುತ್ತು ಹೋಗಿ ಬಂದರು. ಎರಡನೆಯದಕ್ಕೆ ಹೋದಾಗ ದೂರದಿಂದ ಎಂಜಿನ್ನಿನ ಕಿರುಚು ಕೇಳುತ್ತಿತ್ತು. ಅದು ಇದ್ದಕ್ಕಿದ್ದಂತೆ ನಿಂತಿತು. ನಾನು ಓಡಿದೆ. ಗಾಡಿ ಪಲ್ಟಿಯಾಗಿ ನಾಲೆಯ ಇಳಿಜಾರಿನ ಕಲ್ಲುಕಟ್ಟಡದ ಮೇಲೆ ಬಿದ್ದಿತ್ತು. ನೀರಿಗೆ ಇನ್ನೊಂದು ಗಜವಿತ್ತು. ಆಚಾರ್ರು ಬದುಕಿದ್ದರು. ಬಲಗೈ ಮಾತ್ರ ಗಾಡಿಯ ಅಡಿಯಲ್ಲಿತ್ತು.

ಮೈಸೂರಿನಲ್ಲಿ ಕೈ ಉಳಿಸಿದರು. ಬೆರಳು ಮಡಚಲು ಬರಲಿಲ್ಲ. ಶೆಡ್ಡು ಮುಚ್ಚಿತು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಇವತ್ತು ಹೇಳಲೇಬೇಕು ಅಂತ ಗಟ್ಟಿ ಮಾಡಿಕೊಂಡೇ ಹೋಗುತ್ತಿದ್ದೆ. ಅವರು ಜಗುಲಿಯ ಮೇಲೆ ಕೂತು, ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರ ಮಗುವನ್ನೋ ನೋಡುವಂತೆ ನೋಡುತ್ತಿದ್ದರು. "ಬಿದ್ದಿದ್ದಕ್ಕೆ ಓಗಿದ್ದಲ್ಲ ಇದು," ಅಂದರು ಒಂದು ದಿನ. "ಅದುಕ್ ಮುಂಚೇನೇ ಓಗಿತ್ತು. ಒಂದು ಹೆಡ್ಡು ಮಟ್ಟಸ ಮಾಡಕ್ಕೆ ಮೂರು ಸಲನೂ ಆಗ್ಲಿಲ್ಲ ಅಂದ್ರೆ ಅದು ಕೈಯೇನ್ಲಾ?" ನಾನು ಕಾಫಿ ಲೋಟ ಕೆಳಗಿಟ್ಟು, ಹಾಲಿನ ರೇಟಿನ ಮಾತು ತೆಗೆದೆ. ಹೇಳಿದ್ದರೆ ನಾನು ಕಂಡೂ ಸುಮ್ಮನಿದ್ದದ್ದು ಗೊತ್ತಾಗುತ್ತಿತ್ತಲ್ಲ... ಹಾಗೇ ವರ್ಷಗಳು ಕಳೆದವು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಊರಲ್ಲಿರಲಿಲ್ಲ. ಕಳೆದ ವಾರ ಆ ಬಸ್ಸಿನಲ್ಲಿ ಹೊರಟಿದ್ದು ಅವರ ಮನೆಗೇ. ಮಗಳಿದ್ದಳು, ಕೆ.ಆರ್. ಪೇಟೆಗೆ ಕೊಟ್ಟ ಹುಡುಗಿ, ಮನೆ ಒಪ್ಪ ಮಾಡಲು ಬಂದಿದ್ದಳು. "ಕೊನೆ ದಿನ್ವೂ ಅದೇ ಮಾತಣ್ಣ," ಅಂದಳು. "ಕೈ ಮೋಸ ಮಾಡ್ಬುಡ್ತು ಅನ್ನೋರು. ಸಮಾಧಾನ ಯೇಳಕ್ಕೋದ್ರೆ ಬಯ್ಯೋರು."

ನಾನು ಅವಳಿಗೆ ಎಲ್ಲ ಹೇಳಿದೆ. ಅಳತೆಪಟ್ಟಿ, ಬೆಳಕು, ಅಮಾವಾಸ್ಯೆ, ಎಲ್ಲ. ಅವರ ಕೈಯಲ್ಲಿ ಒಂದು ಚೂರೂ ದೋಷವಿರಲಿಲ್ಲ ಅಂತಲೂ ಹೇಳಿದೆ. ಅವಳು ಮೂಟೆ ಕಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಪ್ರತಿ ತಿಂಗ್ಳೂ ಬರ್ತಿದ್ರಲ್ಲಣ್ಣ ನೀವು," ಅಂದಳು, ಅಷ್ಟೇ.