ಅವ್ವನ ಮೈಮೇಲಿನ ಒದ್ದೆ ಟವೆಲ್ಲು

ಎಂಬತ್ತರ ದಶಕದ ಒಂದು ಬೇಸಿಗೆ. ರಾಯಚೂರಿನಲ್ಲಿ ಪಿಯುಸಿ ಓದುತ್ತಿದ್ದೆ, ಜೀವಶಾಸ್ತ್ರದ ಪರೀಕ್ಷೆ ಹತ್ತಿರ ಬಂದಿತ್ತು. ಅವ್ವನನ್ನು ದೇವದುರ್ಗದಿಂದ ಬಸ್ಸಿನಲ್ಲಿ ತಂದು ನನ್ನ ಬಾಡಿಗೆ ಕೋಣೆಯಲ್ಲಿ ಮಲಗಿಸಿದ್ದೆವು. ಎರಡೂ ಕಿಡ್ನಿ ಹೋಗಿದ್ದವು. ರಕ್ತ ತೊಳೆಯುವ ಯಂತ್ರ ಬೇಕಾದರೆ ಹೈದರಾಬಾದಿಗೆ ಹೋಗಿ ಎಂದರು ಡಾಕ್ಟರು. ನಮ್ಮಿಂದ ಆಗುವ ಮಾತಲ್ಲ. ಹಾಗಾದರೆ ದಿನಕ್ಕೆ ಎರಡೇ ಲೋಟ ನೀರು, ಹೆಚ್ಚಾದರೆ ಎದೆಗೆ ತುಂಬಿಕೊಳ್ಳುತ್ತದೆ ಎಂದರು. ಆ ಬಿಸಿಲಿಗೆ ಎರಡು ಲೋಟ!

ಅವಳ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಗೊದಮೊಟ್ಟೆ ಮೈಯ ಸಾರಜನಕದ ಕಸವನ್ನು ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಬೆಳೆದ ಕಪ್ಪೆ ಸಸ್ತನಿಗಳಂತೆ ಯೂರಿಯಾ ಮಾಡುತ್ತದೆ.

"ಯೂರಿಯಾ ಅಂದ್ರ ಹೊಲಕ್ಕ ಹಾಕೋದಲ್ಲೇನಬೇ?" ಅಂದಳು ಅವ್ವ.

"ಎಲ್ಲಾರ ಮೈಯಾಗೂ ಇರ್ತದ ಯವ್ವಾ. ಉಚ್ಚಿಯಾಗ ಹೋಗ್ತದ. ನಿನಗ ಹೋಗವಲ್ದು."

"ಕಪ್ಪಿಗೆ ನೀರಡಿಕಿ ಆಗಂಗಿಲ್ಲೇನು?"

"ಅದು ಬಾಯಿಲೆ ಕುಡಿಯಂಗಿಲ್ಲ. ಅದರ ತೊಗಲೇ ನೀರು ಎಳಕೊಂತದ."

"ಹಂಗಾರ ನನಗೂ ಒಂದು ಹಸಿ ಅರಿವಿ ಹೊದಸು. ಕಪ್ಪಿ ಆಗ್ತೀನಿ."

ಇಬ್ಬರೂ ನಕ್ಕೆವು. ಸಸ್ತನಿಯ ಚರ್ಮ ನೀರು ಹೀರುವುದಿಲ್ಲ, ಅಪಾಯವಿಲ್ಲ, ಪುಸ್ತಕದಲ್ಲೇ ಇದೆ. ಟವೆಲ್ಲು ನೆನೆಸಿ ಕುತ್ತಿಗೆವರೆಗೂ ಹೊದಿಸಿದೆ. ಒಣಗಿದಂತೆಲ್ಲ ಮತ್ತೆ ನೆನೆಸಿದೆ. ಅವ್ವ ನಿದ್ದೆ ಮಾಡಿದಳು. ನನಗೆ ಹೆಮ್ಮೆಯೋ ಹೆಮ್ಮೆ.

ಮೂರನೇ ದಿನ ಕಾಲು ಬಾತವು, ಏದುಸಿರು ಶುರುವಾಯಿತು. ಆಸ್ಪತ್ರೆಗೆ ಓಡಿದೆ.

"ಯಾರವ್ವಾ ನೀರು ಕೊಡಾಕತ್ತೋರು?" ಎಂದು ಡಾಕ್ಟರು ಗದರಿದರು.

"ಎರಡೇ ಲೋಟರೀ, ಆಣಿ ಮಾಡ್ತೀನಿ."

ಸುಳ್ಳಲ್ಲ, ಅಳೆದೇ ಕೊಟ್ಟಿದ್ದೆ. ಔಷಧಿ ತಂದು ಕೋಣೆಯ ಬಾಗಿಲು ತಳ್ಳಿದರೆ, ಅವ್ವ ಟವೆಲ್ಲಿನ ತುದಿ ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ಕಣ್ಣು ಮುಚ್ಚಿ, ಮೊಲೆ ಕುಡಿಯುವ ಕೂಸಿನ ಹಾಗೆ.

ಎಳೆದೆ. ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಬಿಡು ಯವ್ವಾ, ಸಾಯ್ತಿ!"

"ಕಸಗೋಬ್ಯಾಡಬೇ, ನಿನ್ನ ಕಾಲು ಬೀಳ್ತೀನಿ."

ಕಸಿದುಕೊಂಡೆ. ಆಮೇಲೆ ಹಸಿ ಬಟ್ಟೆ ಹೊದಿಸಲಿಲ್ಲ. ಬೀಸಣಿಗೆ ಬೀಸಿದೆ ಅಷ್ಟೇ. ಅವ್ವ ಐದು ದಿನ ಬದುಕಿದಳು, ಐದೂ ದಿನ ನೀರು ಕೇಳಿದಳು. ಸರಿಯಾದದ್ದನ್ನೇ ಮಾಡಿದೆ ಎಂದು ಈಗಲೂ ಜನ ಹೇಳುತ್ತಾರೆ. ಇರಬಹುದು.

ಹೆಣವನ್ನು ದೇವದುರ್ಗಕ್ಕೆ ಒಯ್ದೆವು. ಓಣಿಯ ಹೆಂಗಸರು ಅವ್ವನನ್ನು ಅಂಗಳದಲ್ಲಿ ಕೂಡಿಸಿ ಕೊಡಗಟ್ಟಲೆ ನೀರು ಸುರಿದರು. ಸಸ್ತನಿಯ ಚರ್ಮ. ಎಲ್ಲ ಜಾರಿ ಗಟಾರಕ್ಕೆ ಹೋಯಿತು.