ಅರಕಲಗೂಡಿನ ತೂತು ಮಡಕೆಗಳು

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ಹಾಸನದಲ್ಲಿ ಕುಂಬಾರಿಕೆಯ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡಿದ್ದವನು ಬಹುಶಃ ನಾನೊಬ್ಬನೇ. ಡ್ರಾಯಿಂಗ್ ಮೇಷ್ಟರಾದ ನನ್ನನ್ನು ಆರು ತಿಂಗಳು ತರಬೇತಿಗೆ ಕಳಿಸಿದ್ದರು. ಹೂದಾನಿ, ಬೂದಿಬಟ್ಟಲು, ಬಾತುಕೋಳಿ ಎಲ್ಲ ಮಾಡಬಲ್ಲವನಾಗಿ ಮರಳಿದೆ. ನೀರು ತುಂಬಿಡುವಂಥ ಒಂದು ಮಡಕೆ ಮಾತ್ರ ನನ್ನ ಕೈಯಿಂದ ಆಗಿರಲಿಲ್ಲ. ನಾನು ಮಾಡಿದ್ದನ್ನು ಕುಂಬಾರರು ಯಾರಾದರೂ ಒಬ್ಬರು ಮಡಕೆ ಎಂದು ಒಪ್ಪಬೇಕು, ಅಷ್ಟೇ ನನ್ನ ಆಸೆ. ಅದು ಹುಚ್ಚೇ ಇರಬಹುದು. ಅಷ್ಟು ಖುಷಿಯ ಹುಚ್ಚು ನನಗೆ ಮತ್ತೆ ಹಿಡಿಯಲಿಲ್ಲ.

ಭಾನುವಾರ ಬಂತೆಂದರೆ ನನ್ನದೊಂದು ಕೃತಿಯನ್ನು ಚೀಲದಲ್ಲಿಟ್ಟುಕೊಂಡು ಕುಂಬಾರರನ್ನು ಹುಡುಕಿ ಬಸ್ಸು ಹತ್ತುತ್ತಿದ್ದೆ. ಹೊಳೆನರಸೀಪುರದ ಮುದುಕರೊಬ್ಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆಂದಾಗೈತೆ ಸಾ, ಏನಿದು?" ಎಂದರು. ಚನ್ನರಾಯಪಟ್ಟಣದ ಕುಂಬಾರರು ಬಹಳ ಮರ್ಯಾದೆಯಿಂದ ಕೈಗೆ ತೆಗೆದುಕೊಂಡು ಅದರೊಳಗೆ ಎಲೆಅಡಿಕೆ ಉಗಿದರು. ಅದು ಹೂದಾನಿ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಮೂರನೆಯದು ಅರಕಲಗೂಡಿನ ಸಿದ್ದಮ್ಮನವರ ಅಂಗಳ. ತಿಗರಿಯ ಚಕ್ರ ತಿರುಗಿಸುವವರು ಅವರ ಗಂಡ. ನಾನು ಹೋದಾಗ ಅವರು ಸೌದೆ ತರಲು ಹೋಗಿದ್ದರು; ಸಿದ್ದಮ್ಮ ನಾನು ಯಾರೆಂದು ಕೇಳಿ, ಕೂರಿಸಿ, ನೀರಿಗೆ ಹೋದರು. ನೆರಳಲ್ಲಿ ಹತ್ತು ಹಸಿ ಮಡಕೆಗಳು ಸಾಲಾಗಿ ಕೂತಿದ್ದವು. ಎತ್ತಿ ನೋಡಿದೆ. ಒಂದಕ್ಕೂ ತಳವಿಲ್ಲ. ಪಾಪ, ಇಷ್ಟು ವರ್ಷದ ಅನುಭವಸ್ಥರೂ ಹೀಗೆ ಎಡವುತ್ತಾರಲ್ಲ ಎಂದು ಕರುಳು ಚುರ್ರೆಂದಿತು. ತೋಳು ಮಡಿಚಿ, ಮಣ್ಣನ್ನು ರೊಟ್ಟಿಯಂತೆ ತಟ್ಟಿ ಹತ್ತಕ್ಕೂ ತಳ ಮೆತ್ತಿದೆ. ಆಮೇಲೆ ಹೊಗಳಿಕೆಗಾಗಿ ಕಾದು ಕೂತೆ.

ಸಿದ್ದಮ್ಮ ಬಂದು ನೋಡಿದವರೇ ಕೊಡ ಇಳಿಸಿದರು. "ಇದ್ಯಾಕ್ ಮೇಷ್ಟ್ರೇ ಇಂಗ್ ಮಾಡ್ಬುಟ್ರಿ?"

"ಎಲ್ಲದಕ್ಕೂ ತೂತಿತ್ತಲ್ಲಮ್ಮ."

"ನಮ್ಮೆಜಮಾನ್ರು ತೂತು ಬುಟ್ಟೇ ಎತ್ತಾದು. ನಾನು ತಟ್ಟಿ ತಟ್ಟಿ ಮುಚ್ಚಾದು. ಮಡ್ಕೆ ಒಟ್ಟೆ ಉಬ್ಬಾದೇ ಅಂಗೆ ಕಣ್ ಸಾ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ. ಗೋಡೆಯಾಚೆಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ನನಗೆ ನಾಚಿಕೆಯಾಯಿತು, ಆದರೆ ತಲೆಯಲ್ಲಿ ದೀಪವೂ ಹತ್ತಿತು. ಬ್ರಹ್ಮನನ್ನು ಕುಂಬಾರ ಎನ್ನುತ್ತಾರಲ್ಲ, ಅವನೂ ಅರ್ಧ ಕೆಲಸ ಮಾಡಿ ಎದ್ದುಹೋಗುವವನು, ತಳ ಮುಚ್ಚುವವಳು ಸರಸ್ವತಿಯೇ ಇರಬೇಕು. ಪುರಾಣ ಬರೆದವರು ಗಂಡಸರು, ಅಂಗಳದ ಕಡೆ ನೋಡಿಲ್ಲ.

ನಾನು ಮೆತ್ತಿದ್ದನ್ನೆಲ್ಲ ಕಿತ್ತು, ಸಿದ್ದಮ್ಮ ನನ್ನ ಕೈಗೇ ತಟ್ಟುವ ಹಲಗೆ ಕೊಟ್ಟರು. ಒಳಗೆ ಕಲ್ಲು ಒತ್ತಿ ಹಿಡಿದು ಹೊರಗಿನಿಂದ ತಟ್ಟಬೇಕು. ಮೊದಲನೆಯದು ಹರಿಯಿತು, ಎರಡನೆಯದು ಕುಸಿಯಿತು. ಮೂರನೆಯದರ ತಳ ಕೂಡಿಕೊಂಡಾಗ ನಾನು ಅಂಗಳದಲ್ಲೇ ಎರಡು ಹೆಜ್ಜೆ ಕುಣಿದೆನಂತೆ. ಒಣಗಿದ ಮೇಲೆ ಅದನ್ನು ಮಡಕೆ ಸುಡುವ ಆವಿಗೆಯ ಅಂಚಿನಲ್ಲಿಡಲು ಒಪ್ಪಿದರು. ನಡುವೆ ಇಟ್ಟರೆ ಸಿಡಿದು ಒಳ್ಳೆಯವನ್ನೂ ಕೆಡಿಸೀತೆಂಬ ಭಯ.

ಆವಿಗೆ ಬಿಚ್ಚುವ ದಿನ ಮೊದಲನೆಯ ಬಸ್ಸಿಗೇ ಹೋದೆ. ಬೂದಿ ಸರಿಸುತ್ತಿದ್ದರೆ ನಾನು ಮೇಲೆಯೇ ಬಗ್ಗಿ ನಿಂತಿದ್ದೆ. ನನ್ನ ಮಡಕೆ ಒಂದು ಮಗ್ಗುಲು ಕಪ್ಪಾಗಿ, ತುಸು ವಾಲಿಕೊಂಡು, ಇಡಿಯಾಗಿ ಹೊರಬಂತು. ಸಿದ್ದಮ್ಮ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಠಣ್ ಎಂದಿತು. ಅದಕ್ಕೆ ನೀರು ತುಂಬಿ, ತಾವು ಕೂರುವ ಜಾಗದ ಪಕ್ಕ ಇಟ್ಟುಕೊಂಡು, ಹಲಗೆಯನ್ನು ಅದರಲ್ಲಿ ಅದ್ದಿ ಕೆಲಸಕ್ಕೆ ಕೂತರು.

ಹಾಸನದಲ್ಲೆಲ್ಲ ಅದನ್ನು ಮೆರೆಸಬೇಕೆಂದಿದ್ದೆ. ಆದರೆ ವಾಪಸು ಕೇಳುವುದಾದರೂ ಹೇಗೆ? ಬರಿಗೈ ಬೀಸಿಕೊಂಡು, ಶಿಳ್ಳೆ ಹಾಕುತ್ತ ಮನೆಗೆ ಬಂದೆ.

"ಎಲ್ರೀ ನಿಮ್ಮ ಮಡಕೆ?" ಎಂದಳು ಹೆಂಡತಿ.

"ಅರಕಲಗೂಡಿನಲ್ಲಿ ಕೆಲಸಕ್ಕೆ ಸೇರಿತು," ಎಂದೆ.