ಮುಚ್ಚಿದ ಒಂದು ಸಂದಿ

ಕಲ್ಲಿಗೆ ಸುತ್ತಿಗೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಗೀರಿ ಆರಿಸಿದ ಬೆಂಕಿಕಡ್ಡಿಯಂಥದ್ದು, ಅದಕ್ಕಿಂತ ತೆಳು; ಎರಡು ಉಸಿರಿನಷ್ಟು ಹೊತ್ತು ಇದ್ದು ಹೋಗಿಬಿಡುತ್ತದೆ. ಈ ಸಲ ಮಳೆಗೆ ಮುಂಚೆ, ಬಂಗಾರಪೇಟೆಯ ಕಲ್ಲಿನ ಅಂಗಡಿಯೊಂದರ ಬಯಲಿನಲ್ಲಿ, ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಹಿತ್ತಲಿಗೊಂದು ಗೋಡೆ ಕಟ್ಟಿಸಬೇಕಿತ್ತು. ನಮ್ಮ ಮನೆಯ ಹಿಂದೆ ನೆಲ ದಿಬ್ಬದಂತೆ ಏರುತ್ತದೆ. ಜೋರು ಮಳೆ ಬಂದರೆ ಕೆಮ್ಮಣ್ಣು ಜಾರಿ ಅಡುಗೆಮನೆ ಬಾಗಿಲಿಗೆ ಬರುತ್ತದೆ. ಅದನ್ನು ತಡೆಯಲು ಎದೆಯೆತ್ತರದ ಗೋಡೆ ಸಾಕು, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದು. ಅಂಗಡಿಯವನು ಕಾಂಕ್ರೀಟ್ ಬ್ಲಾಕುಗಳನ್ನು ತೋರಿಸಿದ. ಎಲ್ಲವೂ ಒಂದೇ ಅಳತೆ. ಹಿಂಬದಿಯ ಅಂಚು ಕೆಳಗಿನದನ್ನು ಕಚ್ಚಿ ಹಿಡಿಯುತ್ತದೆ. ತಪ್ಪು ಹುಡುಕಲು ಏನೂ ಇರಲಿಲ್ಲ. ಬೆರಳಿನಿಂದ ತಟ್ಟಿದೆ, ಮೊಂಡು ಸದ್ದು. ಇನ್ನೊಂದು ಅಂಗಡಿಗೆ ಹೋದೆ, ಅಲ್ಲಿಂದ ಮತ್ತೊಂದಕ್ಕೆ. ನಾಲ್ಕು ಭಾನುವಾರ ಹೀಗೇ ಅಲೆದೆ. ನಾನು ಗೋಡೆ ಕಟ್ಟಿಸುತ್ತಿದ್ದೇನೋ ಅಥವಾ ಗೋಡೆಗೊಂದು ಹೆಣ್ಣು ನೋಡುತ್ತಿದ್ದೇನೋ ಎಂದು ಹೆಂಡತಿ ಕೇಳಿದಳು.

ನಾನು ಓದಿದ್ದು ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಪಕ್ಕದ ಇಳಿಜಾರಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಅದರ ಹಿಂದೆ ದೊಡ್ಡಪ್ಪ ಕಟ್ಟಿದ ಗೋಡೆ. ದೊಡ್ಡಪ್ಪನಿಗೆ ಗಣಿಯೊಳಗೆ ಗೋಡೆಯದೇ ಕೆಲಸ. ಅದಿರು ತೆಗೆದು ಬರಿದಾದ ಜಾಗದಲ್ಲಿ ಮೇಲಿನ ಬಂಡೆ ಕುಸಿಯದಂತೆ, ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಪೇರಿಸಿ ಬಿಗಿ ಮಾಡುವುದು. ಅಲ್ಲಿನ ಕತ್ತಲಲ್ಲಿ ಕಲ್ಲನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಹಿತ್ತಲಲ್ಲೂ ಅವರು ಕಣ್ಣು ಮುಚ್ಚಿಯೇ ಕಲ್ಲು ಆರಿಸುತ್ತಿದ್ದರು: ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು, ಕಂಚಿನಂತೆ ಕಣಕಣ ಎಂದರೆ ಇತ್ತ, ಬೊದ್ದು ಎಂದರೆ ಅತ್ತ. ಒಳಗೆ ಬಿರುಕಿದ್ದರೆ ಕಲ್ಲು ಅದನ್ನು ಮುಚ್ಚಿಡಲಾರದು. ಆರಿಸಿದ ಕಲ್ಲಿನ ಉದ್ದವೆಲ್ಲ ಮಣ್ಣಿನೊಳಕ್ಕೆ, ಹೊರಗೆ ಕಾಣುವುದು ಅದರ ಚಿಕ್ಕ ಮುಖ ಮಾತ್ರ. ಪಾಳಿ ಮುಗಿಸಿ ಬಂದ ಮೇಲೂ ಅವರಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಕಾಫಿ ಲೋಟ ಹಿಡಿದೇ ಗೋಡೆಯ ಮೇಲೆ ಅಂಗೈ ಸವರುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಅಂಗೈ ಕಲ್ಲಿಗೆ ಉಜ್ಜುವ ಆ ಸರಸರ ಸದ್ದೇ ನಮಗೆ ಸಂಜೆಯಾದ ಗುರುತು.

ದೊಡ್ಡಮ್ಮನಿಗೆ ಆ ಗೋಡೆಯ ಸಂದಿಗಳೆಂದರೆ ಭಯ. ಅವರ ಪರವಾಗಿ ಒಂದು ಮಾತು ಹೇಳಬೇಕು: ಹಾವು ಬಂದದ್ದು ನಿಜ. ಅಡುಗೆಮನೆ ಬಾಗಿಲಿಗೆ ನೇರವಾಗಿದ್ದ ಸಂದಿಯಿಂದ ಅದು ತಲೆ ಹೊರಹಾಕಿದ್ದನ್ನು ನಾನೂ ನೋಡಿದ್ದೆ. ಒಂದು ಮಧ್ಯಾಹ್ನ, ದೊಡ್ಡಪ್ಪ ಪಾಳಿಯಲ್ಲಿದ್ದಾಗ, ಪಕ್ಕದ ಮನೆಯಲ್ಲಿ ಉಳಿದಿದ್ದ ಅರ್ಧ ಮೂಟೆ ಸಿಮೆಂಟು ತಂದು ಇಬ್ಬರೂ ಕಲಸಿದೆವು. ನಾನು ಉಂಡೆ ಕೊಡುತ್ತ ಹೋದೆ, ಅವರು ಒಂದೊಂದು ಸಂದಿಗೂ ತುರುಕಿ ಮೂರು ಬೆರಳಿನಿಂದ ಒತ್ತುತ್ತ ಬಂದರು. ಸಂಜೆ ದೊಡ್ಡಪ್ಪ ಬಂದು ನೋಡಿ ಗೊಣಗಿದರು. ದೊಡ್ಡಮ್ಮ ಬಿಡಲಿಲ್ಲ.

"ನಿಂಗೇನು, ಅಗಲೆಲ್ಲ ಬೂಮಿ ಒಳಗಿರ್ತೀಯ. ಇಲ್ಲಿ ಆವಿನ್ ಜೊತೆ ಸಂಸಾರ ಮಾಡೋಳು ನಾನು."

ಆ ತಿಂಗಳಲ್ಲೇ ಮಳೆ ಹಿಡಿಯಿತು. ಮೂರನೆಯ ದಿನ ಗೋಡೆಯ ನಡು ಅಡುಗೆಮನೆಯ ಕಡೆಗೆ ಉಬ್ಬಿ ನಿಂತಿತ್ತು. ದೊಡ್ಡಪ್ಪ ಅದಕ್ಕೆ ಕಿವಿಯಿಟ್ಟು ಕೇಳಿದರು. ಒಲೆ ಆರಿಸಿ ಎಲ್ಲರೂ ಬೀದಿ ಕಡೆಗೆ ಹೋಗಿ ಎಂದು ಹೇಳಿ ಉಳಿ ತಂದರು. ನಾನು ಹೋಗಲಿಲ್ಲ; ಬಾಗಿಲ ಸಂದಿಯಲ್ಲಿ ನಿಂತಿದ್ದೆ. ತುದಿಯಿಂದ ಶುರುಮಾಡಿ ಒಂದೊಂದೇ ಸಂದಿಯ ಸಿಮೆಂಟು ಒಡೆಯುತ್ತ ಬಂದರು. ಒಡೆದಲ್ಲೆಲ್ಲ ಕೆಂಪು ನೀರು ಚಿಮ್ಮಿತು.

"ಬಾಯಿ ಮುಚ್ಬುಟ್ರೆ ನೀರು ಎಲ್ಲಿಗ್ಲಾ ಓಗ್ತದೆ?" ಎಂದರು, ತಿರುಗಿ ನೋಡದೆ. "ಕುಡ್ದು ಕುಡ್ದು ಒಟ್ಟೆ ಊದಿಸ್ಕೊಂಡೈತೆ, ನೋಡು."

ಗೋಡೆ ನಿಂತಿತು. ಕೊನೆಗೆ ಉಳಿದ, ಬಾಗಿಲಿಗೆ ನೇರವಾಗಿದ್ದ ಸಂದಿಗೆ ಬಂದಾಗ ದೊಡ್ಡಪ್ಪ ಉಳಿ ಕೆಳಗಿಟ್ಟರು. ಇದೊಂದು ಉಳಿಯಿತಲ್ಲ ಎಂದೆ.

"ಇರ್ಲಿ ಬಿಡ್ಲಾ. ನಿಮ್ ದೊಡ್ಡಮ್ಮ ನಿದ್ದೆ ಮಾಡ್ಬೇಕಲ್ಲ."

ಗಣಿ ನಿಂತಿತು. ಮೊದಲು ದೊಡ್ಡಪ್ಪ ಹೋದರು, ಆಮೇಲೆ ದೊಡ್ಡಮ್ಮ. ಬೀಗ ಹಾಕಿದ ಮನೆಯ ಸೂರು ಕುಸಿಯಿತು. ಈ ಸಲ ಕಲ್ಲಿನ ಅಂಗಡಿ ಅಲೆಯುತ್ತಿದ್ದ ನನ್ನ ಐದನೆಯ ಭಾನುವಾರಕ್ಕೆ ಮುಂಚೆ ಅವರ ಮಗಳು ಸರೋಜಕ್ಕ ಫೋನ್ ಮಾಡಿದಳು. ಜಾಗ ಮಾರಿಯಾಗಿತ್ತು. "ಮುಂದಿನ್ ವಾರ ಜೆಸಿಬಿ ಬತ್ತದೆ. ಬೇಕಾದ್ರೆ ಕಲ್ಲು ಎತ್ಕೊಂಡೋಗು. ಅಪ್ಪ ಆರಿಸಿದ್ದು ಕಂಡೋರ್ ಪಾಯಕ್ಯಾಕೆ?"

ಮೇಸ್ತ್ರಿ ಚಿನ್ನಪ್ಪನನ್ನು ಟ್ರ್ಯಾಕ್ಟರಿನಲ್ಲಿ ಕಳಿಸಿ, ನಾನು ಗಣಿಯ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ. ಮನೆಯಿದ್ದಲ್ಲಿ ಲಂಟಾನದ ಪೊದೆ ಬೆಳೆದಿತ್ತು. ಗೋಡೆ ಮಾತ್ರ ಅದೇ ಉಬ್ಬಿನೊಂದಿಗೆ ಹಾಗೇ ಇತ್ತು, ಆಮೇಲೆ ಒಂದು ಕಲ್ಲೂ ಜರುಗಿರಲಿಲ್ಲ. ಅದನ್ನು ಬಿಟ್ಟುಹೋದರೆ ಜೆಸಿಬಿ ಕೆಡವುತ್ತದೆ. ಬಿಡದಿದ್ದರೆ ನಾನೇ ಕೆಡವಬೇಕು. ಬಹಳ ಹೊತ್ತು ಈ ತುದಿಯಿಂದ ಆ ತುದಿಗೆ ನಡೆದೆ. ಅಂಗೈ ಗೋಡೆಯ ಮೇಲಿರುವುದು ಆಮೇಲೆ ಗಮನಕ್ಕೆ ಬಂತು. ಎಲ್ಲಿಂದ ಬಿಚ್ಚುವುದೆಂದು ಚಿನ್ನಪ್ಪ ಎರಡನೆಯ ಸಲ ಕೇಳಿದಾಗ, ತುದಿಯಿಂದ ಎಂದೆ. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿದೆ. ಎಲ್ಲವೂ ಕಣಕಣ ಎಂದವು. ಆರಿಸುವ ಕೆಲಸ ಎಂದೋ ಮುಗಿದಿತ್ತು.

ಬಾಗಿಲಿಗೆ ನೇರವಾಗಿದ್ದ ಸಂದಿಯ ಮೇಲಿನ ಕಲ್ಲು ಎತ್ತಿದಾಗ ಸಿಮೆಂಟು ಇಡಿಯಾಗಿ ಕೈಗೆ ಬಂತು. ಮಾವಿನಕಾಯಿಯಷ್ಟು ದಪ್ಪ, ಒಂದು ಮುಖದ ಮೇಲೆ ಮೂರು ಬೆರಳಿನ ತಗ್ಗು. ನನ್ನ ಬೆರಳು ಇಟ್ಟೆ. ನನ್ನವು ದೊಡ್ಡವು, ಹಿಡಿಯಲಿಲ್ಲ.

ಹೊಸ ಗೋಡೆ ನಾಲ್ಕು ದಿನದಲ್ಲಿ ಎದ್ದಿತು. ಆ ತುಂಡನ್ನು ಹಿಡಿದು ಸಂದಿಯಿಂದ ಸಂದಿಗೆ ಇಟ್ಟು ನೋಡಿದೆ, ತಿರುಗಿಸಿ ನೋಡಿದೆ. ಕಲ್ಲುಗಳು ಅವೇ, ಆದರೆ ಯಾವ ಸಂದಿಯೂ ಅದಲ್ಲ. ಚಿನ್ನಪ್ಪ ಸ್ವಲ್ಪ ಹೊತ್ತು ನೋಡಿ, ಬೇಕಿದ್ದರೆ ಒಂದು ಬಾಂಡ್ಲಿ ಸಿಮೆಂಟು ಕಲಸಿ ಅಂಟಿಸಿಕೊಡುತ್ತೇನೆ ಎಂದ. ಬೇಡವೆಂದೆ.

ಮುಂದಿನ ವಾರ ಮಳೆ ಬಂತು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಗೋಡೆಯ ಪ್ರತಿ ಸಂದಿಯಿಂದಲೂ ಕೆಂಪು ನೀರು ಇಳಿಯಿತು, ಬಾಗಿಲಿಗೆ ನೇರವಾಗಿರುವ ಸಂದಿಯಿಂದಲೂ.